ರಾಜ ಹೋದ ಮೇಲೆ ಯಜಮಾನ ಯಾರು?

ಜನವರಿ ಬಂದರೆ ಈ ಅಂಕಣಕ್ಕೆ ಬರುವ ಪತ್ರಗಳ ಬಣ್ಣವೇ ಬದಲಾಗುತ್ತದೆ. ಅತ್ತೆ-ಸೊಸೆ ಜಗಳ, ಮೊಣಕಾಲು ನೋವು, ಪಿಎಫ್ ಹಣ ಎಲ್ಲ ಸ್ವಲ್ಪ ಹಿಂದೆ ಸರಿದು ಸಂವಿಧಾನ ಮುಂದೆ ಬರುತ್ತದೆ. ಈ ಸಲ ಒಳ್ಳೆಯ ಪ್ರಶ್ನೆಗಳು ಬಂದಿವೆ. ಜಗಳಕ್ಕೆ ಕರೆಯುವಂಥವೂ ಒಂದೆರಡು ಇವೆ. ಹೆಸರು ಹಾಕಬೇಡಿ ಅಂತ ಹಲವರು ಕೇಳಿಕೊಂಡಿದ್ದರಿಂದ ಯಾರ ಹೆಸರೂ ಇಲ್ಲಿಲ್ಲ, ಊರು ಮಾತ್ರ ಇದೆ.

ಪ್ರಜಾಪ್ರಭುತ್ವ, ಗಣರಾಜ್ಯ ಎರಡೂ ಒಂದೇ ಅಲ್ವಾ? ಮೂವತ್ತು ವರ್ಷ ಮಕ್ಕಳಿಗೆ ಎರಡನ್ನೂ ಸೇರಿಸಿಯೇ ಪಾಠ ಮಾಡಿದೆ. ಈಗ ಮೊಮ್ಮಗಳು ವ್ಯತ್ಯಾಸ ಕೇಳುತ್ತಿದ್ದಾಳೆ.
— ನಿವೃತ್ತ ಶಿಕ್ಷಕರು, ತಿಪಟೂರು

ಒಂದೇ ಅಲ್ಲ ಮೇಷ್ಟ್ರೇ. ಬ್ರಿಟನ್ನಿನಲ್ಲಿ ಚುನಾವಣೆ ಇದೆ, ಪಾರ್ಲಿಮೆಂಟ್ ಇದೆ, ಸರ್ಕಾರ ಬೀಳುತ್ತದೆ, ಏಳುತ್ತದೆ. ಆದರೆ ಎಲ್ಲಕ್ಕಿಂತ ಮೇಲೆ ಕೂತಿರುವುದು ಹುಟ್ಟಿನಿಂದಲೇ ಆ ಕುರ್ಚಿ ಪಡೆದ ಒಬ್ಬ ರಾಜ. ಹಾಗಾಗಿ ಅದು ಪ್ರಜಾಪ್ರಭುತ್ವ ಹೌದು, ಗಣರಾಜ್ಯ ಅಲ್ಲ. ಚೀನಾದ್ದು ಇದರ ತಿರುಗುಮುರುಗು. ಅಲ್ಲಿ ರಾಜನಿಲ್ಲ, ದೇಶದ ಹೆಸರಿನಲ್ಲೇ ಗಣರಾಜ್ಯ ಅಂತ ಇದೆ, ಆದರೆ ಆಳುವ ಪಕ್ಷವನ್ನು ಓಟು ಹಾಕಿ ಇಳಿಸುವ ದಾರಿ ಜನರಿಗಿಲ್ಲ.

ನಮ್ಮ ಕಥೆಯಲ್ಲೂ ಇದು ಚೆನ್ನಾಗಿ ಕಾಣುತ್ತದೆ. 1947ರ ಆಗಸ್ಟ್ 15ಕ್ಕೆ ಸ್ವಾತಂತ್ರ್ಯ ಬಂತು, ನಿಜ. ಆದರೆ ಅವತ್ತಿನಿಂದ 1950ರ ಜನವರಿ 26ರವರೆಗೆ ಭಾರತ ಒಂದು ಡೊಮಿನಿಯನ್. ಕಾಗದದ ಮೇಲೆ ನಮ್ಮ ರಾಜ ಲಂಡನ್ನಿನ ಆರನೇ ಜಾರ್ಜ್. ಗವರ್ನರ್ ಜನರಲ್ ಅವನ ಹೆಸರಿನಲ್ಲಿ ಇಲ್ಲಿ ಕೂತಿದ್ದರು, ಮೊದಲು ಮೌಂಟ್‌ಬ್ಯಾಟನ್, ಆಮೇಲೆ ರಾಜಾಜಿ. ನಮ್ಮದೇ ಹೊಸ ನಾಣ್ಯ ಬಂದಿದ್ದು 1950ರ ಆಗಸ್ಟ್‌ನಲ್ಲಿ. ಅಲ್ಲಿಯವರೆಗೆ ಸ್ವತಂತ್ರ ಭಾರತದ ಸಂತೆಯಲ್ಲಿ ಬದನೆಕಾಯಿ ಕೊಂಡವರು ಕೊಟ್ಟಿದ್ದು ಆ ರಾಜನ ತಲೆ ಇದ್ದ ಕಾಸನ್ನೇ.

ಈಗ ಮೈಸೂರಿಗೆ ಬನ್ನಿ, ಅಲ್ಲಿ ಇನ್ನೂ ಸ್ಪಷ್ಟವಾಗುತ್ತದೆ. 1881ರಲ್ಲಿ ದಿವಾನ್ ರಂಗಾಚಾರ್ಲು ಪ್ರಜಾಪ್ರತಿನಿಧಿ ಸಭೆ ಶುರು ಮಾಡಿದರು. ಮೊದಲ ಸಭೆ ಸೇರಿದ್ದು ದಸರಾ ಹೊತ್ತಿಗೆ, ಬಂದವರು 144 ಮಂದಿ, ಜಮೀನುದಾರರು ಮತ್ತು ವ್ಯಾಪಾರಿಗಳೇ ಜಾಸ್ತಿ. ಆ ಕಾಲಕ್ಕೆ ಅದು ದೊಡ್ಡ ಹೆಜ್ಜೆ, ಅದನ್ನು ಹಗುರ ಮಾಡುವುದು ಬೇಡ. ಆದರೆ ಅವರು ಏನು ಮಾಡಬಹುದಿತ್ತು? ದಿವಾನರು ಓದುವ ವರದಿ ಕೇಳಬಹುದಿತ್ತು. ನಮ್ಮ ಕಡೆ ಕೆರೆ ಒಡೆದಿದೆ ಸ್ವಾಮಿ, ರಸ್ತೆ ಇಲ್ಲ ಸ್ವಾಮಿ ಅಂತ ಅಹವಾಲು ಹೇಳಬಹುದಿತ್ತು. ಕೊಡುವುದು ಬಿಡುವುದು ಅರಮನೆಗೆ ಬಿಟ್ಟಿದ್ದು. ಒಳ್ಳೆಯ ರಾಜ ಇದ್ದರೆ ಒಳ್ಳೆಯ ಆಡಳಿತ. ಮೈಸೂರಿಗೆ ಒಳ್ಳೆಯ ರಾಜರು ಸಿಕ್ಕಿದರು, ಅದೃಷ್ಟ. ಗಣರಾಜ್ಯದ ವಿಚಾರ ಹುಟ್ಟುವುದೇ ಆ ಅದೃಷ್ಟವನ್ನು ನೆಚ್ಚಿಕೊಂಡು ಕೂರಬಾರದು ಅನ್ನುವಲ್ಲಿ.

1946ರ ಡಿಸೆಂಬರ್ 13ರಂದು ನೆಹರೂ ಸಂವಿಧಾನ ರಚನಾ ಸಭೆಯಲ್ಲಿ ಧ್ಯೇಯಗಳ ನಿರ್ಣಯ ಮಂಡಿಸಿದರು. ಭಾರತದ ಎಲ್ಲ ಅಧಿಕಾರವೂ, ಸರ್ಕಾರದ ಪ್ರತಿ ಅಂಗದ ಅಧಿಕಾರವೂ, ಜನರಿಂದ ಬಂದದ್ದು ಅಂತ ಅದರಲ್ಲಿತ್ತು. ಸಂಸ್ಥಾನಗಳ ಅರಸರಿಗೆ ಇದು ಕಸಿವಿಸಿ ತಂದಿತು. ಅಧಿಕಾರ ಜನರಿಂದ ಬಂದದ್ದಾದರೆ ಸಿಂಹಾಸನ ಎಲ್ಲಿಂದ ಬಂತು? ಸಂಸ್ಥಾನದ ಜನಕ್ಕೆ ರಾಜ ಬೇಕಿದ್ದರೆ ಇಟ್ಟುಕೊಳ್ಳಲಿ ಅಂತ ನೆಹರೂ ಆಗ ಸಮಾಧಾನ ಹೇಳಿದರು. ಮೂರು ವರ್ಷ ಕಳೆಯುವಷ್ಟರಲ್ಲಿ ಆ ಪ್ರಶ್ನೆಯೇ ಉಳಿಯಲಿಲ್ಲ. ಮೈಸೂರಿನಲ್ಲಿ ಜನರ ಸರ್ಕಾರ ಬೇಕು ಅಂತ 'ಮೈಸೂರು ಚಲೋ' ಚಳವಳಿ ನಡೆಯಿತು, 1947ರ ಅಕ್ಟೋಬರ್‌ನಲ್ಲಿ ಕೆ.ಸಿ. ರೆಡ್ಡಿ ಅವರ ಸರ್ಕಾರ ಬಂತು. 1949ರ ನವೆಂಬರ್ 25ರಂದು ಜಯಚಾಮರಾಜೇಂದ್ರ ಒಡೆಯರ್ ಅವರೇ, ಭಾರತದ ಸಂವಿಧಾನವೇ ಮೈಸೂರಿನ ಸಂವಿಧಾನ ಅಂತ ಘೋಷಣೆ ಹೊರಡಿಸಿದರು. ದೆಹಲಿಯಲ್ಲಿ ಸಂವಿಧಾನ ಅಂಗೀಕಾರವಾಗಿದ್ದು ಮರುದಿನ! (ಅರಸರಿಗೆ ರಾಜಧನ ಮಾತ್ರ 1971ರವರೆಗೂ ಸಂದಾಯವಾಯಿತು. ಮೈಸೂರಿನ ಪಾಲು ವರ್ಷಕ್ಕೆ 26 ಲಕ್ಷ. ಗಣರಾಜ್ಯ ಅಂದುಕೊಂಡ ಮಾತ್ರಕ್ಕೆ ಎಲ್ಲ ಒಂದೇ ದಿನದಲ್ಲಿ ಆಗಲಿಲ್ಲ ಅನ್ನುವುದಕ್ಕೆ ಹೇಳಿದೆ.)

ಇನ್ನೊಂದು ಮಾತು. ಪೀಠಿಕೆಯನ್ನು ನಮ್ಮ ಶಾಲೆಗಳಲ್ಲಿ 'ಭಾರತದ ಪ್ರಜೆಗಳಾದ ನಾವು' ಅಂತ ಓದಿಸುತ್ತೇವಲ್ಲ, ಆ 'ಪ್ರಜೆ' ಹಳೆಯ ಪದ. ರಾಜ ಇದ್ದಾಗಲೂ ನಾವು ಪ್ರಜೆಗಳೇ. ಆಗ ಅದರ ಅರ್ಥ ಆಳಿಸಿಕೊಳ್ಳುವವನು. ಈಗ ಅದೇ ಪದಕ್ಕೆ ಆಳುವವನು ಅನ್ನುವ ಅರ್ಥವನ್ನೂ ಹೊರಿಸಿದ್ದೇವೆ. ಪದ ಬದಲಾಗಲಿಲ್ಲ, ಅದಕ್ಕೇ ಇರಬೇಕು ನಮ್ಮ ಬೆನ್ನೂ ಪೂರ್ತಿ ನೆಟ್ಟಗಾಗಿಲ್ಲ. ಈಗಲೂ ತಾಲ್ಲೂಕು ಕಚೇರಿಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋಗುವ ಮುದುಕರನ್ನು ನಾನು ನೋಡಿದ್ದೇನೆ. ಪಹಣಿ ಕೇಳುವುದಕ್ಕೆ! ಮೊಮ್ಮಗಳಿಗೆ ವ್ಯತ್ಯಾಸ ಹೇಳುವಾಗ ಆ ಚಪ್ಪಲಿಯ ಉದಾಹರಣೆ ಕೊಡಿ, ಬೇಗ ಅರ್ಥವಾಗುತ್ತದೆ.

ನಮ್ಮ ಸಂವಿಧಾನ ಪೂರ್ತಿ ಕಾಪಿ ಅಂತಾರೆ. ಬ್ರಿಟನ್ನಿಂದ ಅಷ್ಟು, ಅಮೆರಿಕದಿಂದ ಇಷ್ಟು, ಐರ್ಲೆಂಡಿನಿಂದ ಮತ್ತಷ್ಟು. ಹಾಗಾದರೆ ನಮ್ಮದು ಅನ್ನೋದು ಏನಿದೆ?
— ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವವರು, ಧಾರವಾಡ

ಕೋಚಿಂಗ್ ಪುಸ್ತಕದ ಆ ಪಟ್ಟಿ ನನಗೂ ಬಾಯಿಪಾಠ. ಪರೀಕ್ಷೆಗೆ ಬರೆಯಿರಿ, ಆದರೆ ನಂಬಿಕೊಂಡು ಕೂರಬೇಡಿ.

ಈ ಆರೋಪ ಹೊಸದಲ್ಲ. 1948ರ ನವೆಂಬರ್ 4ರಂದು ಕರಡನ್ನು ಸಭೆಯ ಮುಂದಿಡುವಾಗಲೇ ಅಂಬೇಡ್ಕರ್ ಇದಕ್ಕೆ ಉತ್ತರ ಕೊಟ್ಟಿದ್ದರು. ಸಂವಿಧಾನದ ಮೂಲ ವಿಚಾರಗಳ ಮೇಲೆ ಯಾರಿಗೂ ಪೇಟೆಂಟ್ ಇಲ್ಲ, ತಗೊಂಡಿದ್ದಕ್ಕೆ ನಾಚಿಕೆಪಡಬೇಕಿಲ್ಲ ಅಂತ. ಅವರಿಗೆ ಬೇಸರವಿದ್ದದ್ದು ಬೇರೆ ಕಡೆ. 1935ರ ಬ್ರಿಟಿಷ್ ಕಾಯ್ದೆಯಿಂದ ತಂದ ಭಾಗದಲ್ಲಿ ಆಡಳಿತದ ಸಣ್ಣಪುಟ್ಟ ವಿವರಗಳೇ ಜಾಸ್ತಿ ಇವೆಯಲ್ಲ ಅನ್ನುವುದು. ಅದಕ್ಕೂ ಕಾರಣ ಕೊಟ್ಟರು. ಈ ದೇಶದ ಮಣ್ಣು ಒಳಗಿನಿಂದ ಪ್ರಜಾಪ್ರಭುತ್ವದ್ದಲ್ಲ, ನಾವು ಮೇಲೆ ಒಂದು ಪದರ ಹೊಸ ಗೊಬ್ಬರ ಹರಡುತ್ತಿದ್ದೇವೆ ಅಷ್ಟೇ, ಆದ್ದರಿಂದ ಆಡಳಿತದ ರೂಪವನ್ನೂ ಬರೆದಿಡುವುದು ಕ್ಷೇಮ ಅಂತ. ಕಹಿ ಮಾತು. ಆದರೆ ಯಾರನ್ನೂ ಮೆಚ್ಚಿಸಲು ಆಡಿದ ಮಾತಲ್ಲ.

ತಂದುಕೊಳ್ಳುವ ಕೆಲಸ ಹೇಗೆ ನಡೆಯಿತು ಅನ್ನುವುದಕ್ಕೆ ಒಂದೇ ಒಂದು ಉದಾಹರಣೆ ಕೊಡುತ್ತೇನೆ. ಸಂವಿಧಾನ ಸಭೆಯ ಸಲಹೆಗಾರರು ಬೆನೆಗಲ್ ನರಸಿಂಗ ರಾವ್, ನಮ್ಮ ಕರಾವಳಿಯ ಮನೆತನದವರು. ಮೊದಲ ಕರಡು ಬರೆದವರು ಅವರೇ. 1947ರ ಕೊನೆಯಲ್ಲಿ ಅಮೆರಿಕ, ಕೆನಡಾ, ಐರ್ಲೆಂಡ್, ಬ್ರಿಟನ್ ಸುತ್ತಿ, ಅಲ್ಲಿನ ಸಂವಿಧಾನ ಬಲ್ಲವರ ಜೊತೆ ಕೂತು ಮಾತಾಡಿ ಬಂದರು. ನಾಗರಿಕನ ಜೀವ ಮತ್ತು ಸ್ವಾತಂತ್ರ್ಯ ಕಿತ್ತುಕೊಳ್ಳಬೇಕಾದರೆ ಕಾನೂನು ಇದ್ದರೆ ಸಾಲದು, ಅದು ನ್ಯಾಯವಾಗಿಯೂ ಇರಬೇಕು ಅನ್ನುವ ಅರ್ಥದ ಅಮೆರಿಕದ ಮಾತೊಂದು ನಮ್ಮ ಕರಡಿನಲ್ಲಿತ್ತು. ಅಮೆರಿಕದ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿ ಫೀಲಿಕ್ಸ್ ಫ್ರಾಂಕ್‌ಫರ್ಟರ್ ರಾವ್ ಅವರಿಗೆ ಹೇಳಿದ್ದು ಏನೆಂದರೆ, ಇದನ್ನು ಇಟ್ಟುಕೊಂಡರೆ ಜನ ಆರಿಸಿದ ಶಾಸನಸಭೆ ಮಾಡಿದ ಕಾನೂನನ್ನು ನಾಲ್ಕಾರು ಜಡ್ಜುಗಳು ಹೊಡೆದುಹಾಕುತ್ತಾರೆ, ಅದು ಪ್ರಜಾಪ್ರಭುತ್ವಕ್ಕೂ ಸರಿಯಲ್ಲ, ಕೋರ್ಟಿಗೂ ಭಾರ ಅಂತ. ರಾವ್ ಒಪ್ಪಿದರು. ಕರಡು ಸಮಿತಿ ಅದನ್ನು ತೆಗೆದು, 'ಕಾನೂನು ಗೊತ್ತುಪಡಿಸಿದ ಕ್ರಮದ ಪ್ರಕಾರ' ಅನ್ನುವ ಜಪಾನಿನ ಸಂವಿಧಾನದ ಮಾತು ಹಾಕಿತು. ನೋಡಿ, ಇದು ಕಾಪಿಯಾ? ಅಮೆರಿಕದವರು ಹೇಳಿದರು ಅಂತಲೇ ಅಮೆರಿಕದ್ದನ್ನು ಬಿಟ್ಟೆವು!

ಬಿಟ್ಟದ್ದು ಸರಿಯಾಯಿತಾ ಅನ್ನುವುದು ಬೇರೆ ವಿಷಯ. ನನಗನ್ನಿಸುವುದು, ತಪ್ಪಾಯಿತು. 1950ರಲ್ಲೇ ಎ.ಕೆ. ಗೋಪಾಲನ್ ಪ್ರಕರಣದಲ್ಲಿ, ವಿಚಾರಣೆ ಇಲ್ಲದೆ ಜೈಲಿಗೆ ಹಾಕುವ ಕಾನೂನು ಇದ್ದರೆ ಸಾಕು, ಅದು ನ್ಯಾಯವಾ ಅಂತ ಕೇಳುವಂತಿಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿತು. ಮುಂದೆ 1978ರಲ್ಲಿ ಮೇನಕಾ ಗಾಂಧಿ ಅವರ ಪಾಸ್‌ಪೋರ್ಟ್ ಪ್ರಕರಣದಲ್ಲಿ, ಕ್ರಮ ಅಂದ ಮೇಲೆ ಅದು ನ್ಯಾಯವೂ ಯುಕ್ತವೂ ಆಗಿರಲೇಬೇಕು ಅಂತ ಅದೇ ಕೋರ್ಟು ತಿದ್ದಿಕೊಂಡಿತು. ಮುಂಬಾಗಿಲಲ್ಲಿ ಬೀಳ್ಕೊಟ್ಟ ನೆಂಟ ಮೂವತ್ತು ವರ್ಷದ ಮೇಲೆ ಹಿತ್ತಿಲ ಬಾಗಿಲಿಂದ ಬಂದ ಹಾಗಾಯಿತು.

ಕಾಪಿ ಅನ್ನುವ ಸಿಟ್ಟು ಸಭೆಯೊಳಗೂ ಇತ್ತು. ನಮಗೆ ಬೇಕಿದ್ದದ್ದು ವೀಣೆ ಅಥವಾ ಸಿತಾರಿನ ನಾದ, ಸಿಕ್ಕಿದ್ದು ಇಂಗ್ಲಿಷ್ ಬ್ಯಾಂಡು ಅಂತ 1949ರ ನವೆಂಬರ್‌ನಲ್ಲಿ ಹೇಳಿದವರು ನಮ್ಮ ಕೆಂಗಲ್ ಹನುಮಂತಯ್ಯ. ಮಾತು ಸೊಗಸಾಗಿದೆ, ಇವತ್ತಿಗೂ ಎಲ್ಲರೂ ಎತ್ತಿ ಹೇಳುತ್ತಾರೆ. ಆದರೆ ವಾದ್ಯ ಯಾರದ್ದಾದರೂ ಆಗಲಿ, ಕಚೇರಿ ಕೇಳುವುದಕ್ಕೆ ಯಾರನ್ನು ಒಳಗೆ ಬಿಟ್ಟರು ಅನ್ನುವುದನ್ನು ನಾನು ಮೊದಲು ನೋಡುತ್ತೇನೆ. 1787ರಲ್ಲಿ ಅಮೆರಿಕದವರು 'ಜನರಾದ ನಾವು' ಅಂತ ಶುರು ಮಾಡಿದರು. ಅದೇ ಕಾಗದದಲ್ಲಿ ರಾಜ್ಯಗಳ ಸ್ಥಾನ ಲೆಕ್ಕ ಹಾಕುವಾಗ ಗುಲಾಮರನ್ನು ಐದರಲ್ಲಿ ಮೂರು ಪಾಲು ಅಂತ ಎಣಿಸಿದರು. ಅಲ್ಲಿ ದೇಶದ ಎಲ್ಲ ಕಡೆ ಹೆಣ್ಣುಮಕ್ಕಳ ಓಟಿಗೆ ಸಂವಿಧಾನದ ರಕ್ಷಣೆ ಬಂದಿದ್ದು 1920ರಲ್ಲಿ. ಸ್ವಿಟ್ಜರ್ಲೆಂಡಿನ ಹೆಂಗಸರು ದೇಶದ ಚುನಾವಣೆಯಲ್ಲಿ ಓಟು ಹಾಕುವ ಹಕ್ಕು ಪಡೆದಿದ್ದು 1971ರಲ್ಲಿ. ನಾವು ಎಲ್ಲರನ್ನೂ ಮೊದಲ ದಿನವೇ ಒಳಗೆ ಕರೆದೆವು. ಇದನ್ನು ಯಾರಿಂದ ಕಾಪಿ ಹೊಡೆದೆವು, ನಿಮ್ಮ ಪಟ್ಟಿಯಲ್ಲಿ ಹುಡುಕಿ.

ಹನ್ನೆರಡನೇ ಶತಮಾನದ ಅನುಭವ ಮಂಟಪವೇ ಜಗತ್ತಿನ ಮೊದಲ ಪಾರ್ಲಿಮೆಂಟು. ನೀವು ಬುದ್ಧಿಜೀವಿಗಳು ಇದನ್ನು ಯಾಕೆ ಒಪ್ಪಲ್ಲ?
— ಓದುಗರು, ಬಸವಕಲ್ಯಾಣ

ಬುದ್ಧಿಜೀವಿ ಅಂತ ಬೈದಿದ್ದಕ್ಕೆ ಶರಣು. ಅಣ್ಣ ಬಸವಣ್ಣನ ಮೇಲೆ ನಿಮಗಿರುವಷ್ಟೇ ಗೌರವ ನನಗೂ ಇದೆ. ಆದರೆ ಪಾರ್ಲಿಮೆಂಟು ಅಂದರೆ ಕಾನೂನು ಮಾಡುವುದು, ತೆರಿಗೆ ಹಾಕುವುದು, ಸರ್ಕಾರವನ್ನು ನಿಲ್ಲಿಸಿ ಲೆಕ್ಕ ಕೇಳುವುದು. ಕಲ್ಯಾಣದಲ್ಲಿ ಆ ಅಧಿಕಾರ ಅರಸ ಬಿಜ್ಜಳನದಾಗಿತ್ತು, ಶರಣರದಲ್ಲ. ಅದಕ್ಕೇ ಅಲ್ಲವೇ ಅಷ್ಟು ದೊಡ್ಡ ದುರಂತವಾಗಿದ್ದು? ಮಾದಾರ, ಡೋಹರ, ಅಂಬಿಗ, ಮಡಿವಾಳ, ಹೆಣ್ಣುಮಕ್ಕಳು ಒಂದೇ ನೆಲದ ಮೇಲೆ ಕೂತು ಎದುರು ಮಾತಾಡಿದರು ಅನ್ನುವುದು ಪಾರ್ಲಿಮೆಂಟಿಗಿಂತ ಕಷ್ಟದ ಕೆಲಸ. ಸಮಾನತೆಯ ವಿಚಾರ ಈ ನೆಲಕ್ಕೆ ಹಡಗಿನಲ್ಲಿ ಬರಲಿಲ್ಲ ಅಂತ ತೋರಿಸಲು ಅಷ್ಟೇ ಸಾಕು. ಅದಕ್ಕೆ ದೆಹಲಿಯ ಸರ್ಟಿಫಿಕೇಟು ಯಾಕೆ ಬೇಕು?

ಇದೇ ಥರದ ಮಾತನ್ನು ಅಂಬೇಡ್ಕರ್ ಕೂಡ ಹೇಳಿದ್ದಾರೆ. 1949ರ ನವೆಂಬರ್ 25ರ ಕೊನೆಯ ಭಾಷಣದಲ್ಲಿ ಅವರು ನೆನೆದದ್ದು ಬೌದ್ಧ ಭಿಕ್ಷು ಸಂಘಗಳನ್ನು. ಯಾರು ಎಲ್ಲಿ ಕೂರಬೇಕು, ಗೊತ್ತುವಳಿ ಹೇಗೆ ತರಬೇಕು, ಎಷ್ಟು ಜನ ಇದ್ದರೆ ಸಭೆ ನಡೆಸಬಹುದು, ಓಟು ಹೇಗೆ ಎಣಿಸಬೇಕು, ಎಲ್ಲಕ್ಕೂ ಸಂಘದಲ್ಲಿ ನಿಯಮ ಇತ್ತಂತೆ. ಇದನ್ನು ಹೇಳಿ ಅವರು ಎದೆ ಉಬ್ಬಿಸಿಕೊಳ್ಳಲಿಲ್ಲ. ಅದನ್ನು ಒಮ್ಮೆ ಕಳೆದುಕೊಂಡೆವು, ಮತ್ತೆ ಕಳೆದುಕೊಳ್ಳುತ್ತೇವಾ ಅಂತ ಕೇಳಿದರು.

ಪೀಠಿಕೆಯಲ್ಲಿ ದೇವರ ಹೆಸರು ಯಾಕಿಲ್ಲ? ಯಾರೂ ಕೇಳಲೇ ಇಲ್ವಾ?
— ಗೃಹಿಣಿ, ಶೃಂಗೇರಿ

ಕೇಳಿದರು. 1949ರ ಅಕ್ಟೋಬರ್ 17ರಂದು ಎಚ್.ವಿ. ಕಾಮತ್ ಅವರು 'ದೇವರ ಹೆಸರಿನಲ್ಲಿ' ಅಂತ ಶುರುವಾಗಲಿ ಅಂತ ತಿದ್ದುಪಡಿ ತಂದರು. ಐಸಿಎಸ್ ಬಿಟ್ಟು ಸುಭಾಷರ ಹಿಂದೆ ಹೋದ ಮನುಷ್ಯ, ಸುಮ್ನೆ ಬಿಡುವ ಪೈಕಿ ಅಲ್ಲ. ದೇವರ ಮೇಲೆ ಓಟು ಹಾಕುವ ಮುಜುಗರಕ್ಕೆ ನಮ್ಮನ್ನು ದೂಡಬೇಡಿ ಅಂತ ಸಭೆಯ ಸದಸ್ಯೆ ಪೂರ್ಣಿಮಾ ಬ್ಯಾನರ್ಜಿ ಕೇಳಿಕೊಂಡರು. ಕಾಮತ್ ಕೇಳಲಿಲ್ಲ. ಓಟಿಗೆ ಹಾಕಿದರು, ಪರ 41, ವಿರುದ್ಧ 68. ಸೋತಿದ್ದು ದೇವರಲ್ಲ, ಕಾಮತ್. ಸಭೆಯಲ್ಲಿದ್ದ ಬಹುತೇಕರು ಮನೆಯಲ್ಲಿ ಪೂಜೆ, ನಮಾಜು, ಪ್ರಾರ್ಥನೆ ಮಾಡುವವರೇ. ನಂಬದವನ ಬಾಯಲ್ಲೂ ಬಲವಂತವಾಗಿ ದೇವರ ಹೆಸರು ಹೇಳಿಸುವುದು ಪೀಠಿಕೆಯ ಕೆಲಸವಲ್ಲ ಅನ್ನುವುದು ವಾದ.

ನಿಮಗೆ ಸಮಾಧಾನ ಆಗದಿದ್ದರೆ ಬೆಂಗಳೂರಿಗೆ ಬಂದಾಗ ವಿಧಾನಸೌಧದ ಹಣೆ ನೋಡಿ. 'ಸರ್ಕಾರದ ಕೆಲಸ ದೇವರ ಕೆಲಸ' ಅಂತ ಬರೆಸಿದ್ದಾರೆ ಹನುಮಂತಯ್ಯನವರು. ಆ ದೇವರ ಕೆಲಸ ಯಾವ ಟೇಬಲ್ಲಿನಲ್ಲಿ ನಿಂತಿದೆ ಅಂತ ಮಾತ್ರ ನನ್ನನ್ನು ಕೇಳಬೇಡಿ.

ಮೂಲಭೂತ ಹಕ್ಕು ಅಂದರೆ ದೊಡ್ಡ ದೊಡ್ಡ ವಿಚಾರ ಅಂದುಕೊಂಡಿದ್ದೆ. 15ನೇ ವಿಧಿ ಓದಿದರೆ ಬಾವಿ, ಕೆರೆ, ಹೋಟೆಲು, ಅಂಗಡಿ ಅಂತ ಇದೆ. ಸಂವಿಧಾನದಲ್ಲಿ ಇಂಥ ಚಿಲ್ಲರೆ ಯಾಕೆ?
— ಪಿಯುಸಿ ವಿದ್ಯಾರ್ಥಿ, ಹಾಸನ

ಮಗಾ, ಆ ಚಿಲ್ಲರೆಯೇ ನಮ್ಮ ಗಣರಾಜ್ಯದ ತಿರುಳು.

ಫ್ರಾನ್ಸ್, ಅಮೆರಿಕದವರಿಗೆ ಹೆದರಿಕೆ ಇದ್ದದ್ದು ರಾಜನ ಮೇಲೆ. ಹಾಗಾಗಿ ಅವರ ಹಕ್ಕುಗಳೆಲ್ಲ ಸರ್ಕಾರದ ಕೈ ಕಟ್ಟುವಂಥವು. ನನ್ನ ಬಾಯಿ ಮುಚ್ಚಿಸಬೇಡ, ನನ್ನ ಮನೆ ಜಪ್ತಿ ಮಾಡಬೇಡ ಅನ್ನುವಂಥವು. ನಮ್ಮಲ್ಲಿ ಕೋಟ್ಯಂತರ ಜನಕ್ಕೆ ಬ್ರಿಟಿಷ್ ವೈಸ್‌ರಾಯ್ ಒಂದು ಸಲವೂ ಎದುರಾಗಿರಲಿಲ್ಲ. ಅವರ ದಾರಿಗೆ ದಿನಾ ಅಡ್ಡ ನಿಲ್ಲುತ್ತಿದ್ದವನು ಪಕ್ಕದ ಬೀದಿಯವನು. ಬಾವಿಗೆ ಇಳಿಯಬೇಡ, ಹೋಟೆಲಿನ ಒಳಗೆ ಬರಬೇಡ, ಈ ರಸ್ತೆಯಲ್ಲಿ ಮೆರವಣಿಗೆ ಹೋಗಬೇಡ. ರಾಜ ಹೋದರೂ ಇವನು ಹೋಗಲ್ಲ. ಆದ್ದರಿಂದ ನಮ್ಮವರು ಹಕ್ಕುಗಳ ಅಧ್ಯಾಯದಲ್ಲಿ ನೆರೆಯವನನ್ನೂ ಸೇರಿಸಿದರು.

ಇದರ ಹಿಂದೆ ಒಂದು ಕೆರೆಯ ಕಥೆ ಇದೆ. ಮಹಾರಾಷ್ಟ್ರದ ಮಹಾಡ್‌ನಲ್ಲಿ ಚವದಾರ್ ಕೆರೆ. ಅದು ಎಲ್ಲರಿಗೂ ಮುಕ್ತ ಅಂತ ಪುರಸಭೆ ಮೊದಲೇ ಗೊತ್ತುವಳಿ ಮಾಡಿತ್ತು. ಗೊತ್ತುವಳಿ ಕಾಗದದಲ್ಲೇ ಇತ್ತು, ನೀರು ಮುಟ್ಟಲು ದಲಿತರನ್ನು ಯಾರೂ ಬಿಡಲಿಲ್ಲ. 1927ರ ಮಾರ್ಚ್ 20ರಂದು ಅಂಬೇಡ್ಕರ್ ಸಾವಿರಾರು ಜನರ ಜೊತೆ ನಡೆದು ಹೋಗಿ ಆ ನೀರು ಕುಡಿದರು. ಆಮೇಲೆ ಹೊಡೆದಾಟ, ಕೆರೆಯ 'ಶುದ್ಧೀಕರಣ', ಕೋರ್ಟು. ಅದೇ ವರ್ಷ ಡಿಸೆಂಬರ್‌ನಲ್ಲಿ ಮತ್ತೆ ಅಲ್ಲಿ ಸಮಾವೇಶ ಸೇರಿದಾಗ ಅವರು ಅದನ್ನು ಹೋಲಿಸಿದ್ದು 1789ರ ಫ್ರಾನ್ಸಿನ ರಾಷ್ಟ್ರೀಯ ಸಭೆಗೆ. ಒಂದು ಬೊಗಸೆ ನೀರಿಗೂ ಫ್ರೆಂಚ್ ಕ್ರಾಂತಿಗೂ ಏನು ಸಂಬಂಧ ಅಂತ ಅವತ್ತು ನಕ್ಕವರು ಇದ್ದಿರಬಹುದು. ಇಪ್ಪತ್ತೆರಡು ವರ್ಷ ಕಳೆಯುವಷ್ಟರಲ್ಲಿ ಆ ಬೊಗಸೆ 15ನೇ ವಿಧಿಗೆ ಬಂತು, ಅಸ್ಪೃಶ್ಯತೆಯನ್ನೇ ತೆಗೆದುಹಾಕುವ 17ನೇ ವಿಧಿ ಅದರ ಪಕ್ಕಕ್ಕೆ ಬಂದು ಕೂತಿತು.

ಪೀಠಿಕೆಯಲ್ಲಿ 'ಭ್ರಾತೃತ್ವ' ಅಂತ ಓದುತ್ತೀಯಲ್ಲ, ಅದು ನೆಹರೂ ಅವರ ನಿರ್ಣಯದಲ್ಲಿ ಇರಲಿಲ್ಲ. ಕರಡು ಸಮಿತಿ ಸೇರಿಸಿತು. ಸ್ವಾತಂತ್ರ್ಯ, ಸಮಾನತೆ, ಬಂಧುತ್ವದ ಪಾಠ ಕಲಿತದ್ದು ಫ್ರೆಂಚ್ ಕ್ರಾಂತಿಯಿಂದ ಅಲ್ಲ, ನನ್ನ ಗುರು ಬುದ್ಧನಿಂದ ಅಂತ ಅಂಬೇಡ್ಕರ್ 1954ರಲ್ಲಿ ಆಕಾಶವಾಣಿಯಲ್ಲಿ ಹೇಳಿದರು.

ನಾನು ಚಿಕ್ಕವನಿದ್ದಾಗ ನಮ್ಮೂರ ಹೋಟೆಲಿನ ಹೊರಗೆ, ಸೂರಿನ ಸಂದಿಯಲ್ಲಿ ಎರಡು ಅಲ್ಯೂಮಿನಿಯಂ ಲೋಟ ಸಿಕ್ಕಿಸಿಟ್ಟಿರುತ್ತಿದ್ದರು. ಬಂದವರು ತಾವೇ ತೆಗೆದು, ತೊಳೆದು, ಟೀ ಹುಯ್ಯಿಸಿಕೊಂಡು, ಕುಡಿದು, ಮತ್ತೆ ತೊಳೆದು ಅಲ್ಲೇ ಸಿಕ್ಕಿಸಿ ಹೋಗಬೇಕು. ದುಡ್ಡು ಮಾತ್ರ ಒಳಗೆ ಕುಡಿದವರಷ್ಟೇ. ಸಂವಿಧಾನ ಬಂದು ಎಷ್ಟೋ ವರ್ಷವಾಗಿತ್ತು ಆಗ. ನಾನು ಅದನ್ನು ದಿನಾ ನೋಡುತ್ತಿದ್ದೆ, ಒಂದು ದಿನವೂ ಕೇಳಲಿಲ್ಲ. ಈಗ ಹೇಳು, ಹೋಟೆಲು ಅಂತ ಬರೆದಿದ್ದು ಚಿಲ್ಲರೆಯಾ?

ಗಾಂಧೀಜಿ ಹೇಳಿದ ಗ್ರಾಮಸ್ವರಾಜ್ಯ ಸಂವಿಧಾನದಲ್ಲಿ ಎಲ್ಲಿ ಹೋಯಿತು?
— ಗ್ರಾಮ ಪಂಚಾಯಿತಿ ಮಾಜಿ ಸದಸ್ಯರು, ಮೇಲುಕೋಟೆ

40ನೇ ವಿಧಿಯಲ್ಲಿ ಕೂತಿದೆ, ಒಂದು ಮೂಲೆಯಲ್ಲಿ. ಮೊದಲ ಕರಡಿನಲ್ಲಿ ಅದೂ ಇರಲಿಲ್ಲ. ಹಳ್ಳಿ ಅಂದರೆ ಅಜ್ಞಾನದ ಗೂಡು, ಸಂಕುಚಿತ ಬುದ್ಧಿಯ ಕೊಂಪೆ ಅಂತ ಅಂಬೇಡ್ಕರ್ ಸಭೆಯಲ್ಲಿ ಖಾರವಾಗಿ ಹೇಳಿದ್ದರು, ಗಣರಾಜ್ಯದ ಅಳತೆಗೋಲು ಹಳ್ಳಿಯಲ್ಲ, ಒಬ್ಬೊಬ್ಬ ವ್ಯಕ್ತಿ ಅನ್ನುವುದು ಅವರ ನಿಲುವು. ಬಹಳ ಸದಸ್ಯರು ಸಿಟ್ಟಾದರು. ಕೆ. ಸಂತಾನಂ ತಂದ ತಿದ್ದುಪಡಿಯಿಂದ ಪಂಚಾಯಿತಿ ನಿರ್ದೇಶಕ ತತ್ವಗಳಿಗೆ ಸೇರಿತು. ಆದರೆ ನಿರ್ದೇಶಕ ತತ್ವ ಅಂದರೆ ಕೋರ್ಟಿಗೆ ಹೋಗಿ ಕೇಳುವಂತಿಲ್ಲ, ನಿಮಗೆ ಗೊತ್ತೇ ಇದೆ.

ಹಳ್ಳಿಯಲ್ಲಿ ಹುಟ್ಟಿ ಬೆಳೆದ ನಾನು ಈ ಜಗಳದಲ್ಲಿ ಅಂಬೇಡ್ಕರ್ ಕಡೆ. ಮೇಲೆ ಬರೆದ ಲೋಟಗಳು ಕಾರಣ. ಹಾಗಂತ ಗಾಂಧಿ ಸೋತರು ಅನ್ನಲೂ ಆಗಲ್ಲ. ರಾಮಕೃಷ್ಣ ಹೆಗಡೆ ಸರ್ಕಾರದಲ್ಲಿ ಅಬ್ದುಲ್ ನಜೀರ್ ಸಾಬರು 1983ರ ಕಾಯ್ದೆ ತಂದು, 1987ರಲ್ಲಿ ಚುನಾವಣೆ ನಡೆಸಿ, ಹೆಣ್ಣುಮಕ್ಕಳಿಗೆ ಕಾಲು ಭಾಗ ಸ್ಥಾನ ಮೀಸಲಿಟ್ಟರಲ್ಲ, ಅದನ್ನು ನೋಡಿದ ಮೇಲೆಯೇ ದೇಶ, ಪಂಚಾಯಿತಿಗಳಿಗೆ ಸಂವಿಧಾನದಲ್ಲೇ ಗಟ್ಟಿ ಜಾಗ ಕೊಟ್ಟ 73ನೇ ತಿದ್ದುಪಡಿಯವರೆಗೆ ನಡೆದು ಬಂದಿದ್ದು. ಹಳ್ಳಿಗೆ ಅಧಿಕಾರವೂ ಬಂತು, ಆ ಹಳ್ಳಿಯಲ್ಲಿ ಹೆಂಗಸರಿಗೆ, ದಲಿತರಿಗೆ ಕುರ್ಚಿಯೂ ಬಂತು. ಇಬ್ಬರೂ ಸ್ವಲ್ಪ ಸ್ವಲ್ಪ ಗೆದ್ದರು ಅನ್ನಿ.

ಮೂರನೇ ಎರಡು ಬಹುಮತ ಇದ್ದರೆ ಸಂವಿಧಾನ ತಿದ್ದಬಹುದು. ಹಾಗಾದರೆ ನಾಳೆ ಯಾರೋ ಬಹುಮತ ತಂದು 'ಇನ್ನು ಮೇಲೆ ನಮಗೆ ರಾಜನೇ ಇರಲಿ' ಅಂತ ತಿದ್ದುಪಡಿ ಮಾಡಿದರೆ?
— ಕಾನೂನು ವಿದ್ಯಾರ್ಥಿನಿ, ಮಂಗಳೂರು

ತಲೆ ಹರಟೆ ಅಂತ ನಿಮ್ಮ ಲೆಕ್ಚರರ್ ಬೈದರು ಅಂತ ಬರೆದಿದ್ದೀರಿ. ಬೇಜಾರು ಮಾಡ್ಕೋಬೇಡಿ. ಹೆಚ್ಚುಕಡಿಮೆ ಇದೇ ಪ್ರಶ್ನೆಯನ್ನು 1965ರಲ್ಲಿ ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಜರ್ಮನಿಯ ಪ್ರೊಫೆಸರ್ ಡೀಟ್ರಿಚ್ ಕಾನ್ರಾಡ್ ಕೇಳಿದ್ದರು. ತಿದ್ದುಪಡಿಯ ಅಧಿಕಾರ ಬಳಸಿ ಮೊಘಲ್ ಬಾದಷಾನನ್ನೋ ಇಂಗ್ಲೆಂಡಿನ ಅರಸನನ್ನೋ ವಾಪಸ್ ತರಬಹುದೇ ಅಂತ. ಜರ್ಮನಿಯವರಿಗೆ ಇದು ತಮಾಷೆಯ ಮಾತಲ್ಲ. 1933ರಲ್ಲಿ ಹಿಟ್ಲರ್‌ಗೆ ಕಾನೂನು ಮಾಡುವ ಅಧಿಕಾರವನ್ನು ಬರೆದುಕೊಟ್ಟಿದ್ದು ಅಲ್ಲಿನ ಪಾರ್ಲಿಮೆಂಟೇ, ಮೂರನೇ ಎರಡು ಬಹುಮತದಿಂದ. ಬಾಗಿಲು ಒಡೆದು ಬರಲಿಲ್ಲ ಅವನು, ಬೀಗದ ಕೈ ಕೊಟ್ಟರು. ಯುದ್ಧ ಮುಗಿದ ಮೇಲೆ 1949ರಲ್ಲಿ ಬರೆದ ಸಂವಿಧಾನದಲ್ಲಿ, ಕೆಲವು ವಿಚಾರಗಳನ್ನು ಎಷ್ಟೇ ಬಹುಮತ ಇದ್ದರೂ ಮುಟ್ಟುವಂತಿಲ್ಲ ಅಂತ ಅವರು ಹಾಕಿಕೊಂಡರು. ನಮ್ಮವರು ಹಾಗೆ ಬರೆದಿರಲಿಲ್ಲ.

ಇಲ್ಲಿ ನಿಮ್ಮ ಪಕ್ಕದೂರು ಬರುತ್ತದೆ. ಕಾಸರಗೋಡಿನ ಎಡನೀರು ಮಠ. ಯಕ್ಷಗಾನ ಅಂದರೆ ಪ್ರಾಣ ಬಿಡುತ್ತಿದ್ದ ಕೇಶವಾನಂದ ಭಾರತೀ ಸ್ವಾಮೀಜಿ, ಕೇರಳದ ಭೂ ಸುಧಾರಣೆ ಕಾನೂನಿನಿಂದ ಮಠದ ಜಮೀನು ಹೋಗುತ್ತದೆ ಅಂತ 1970ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ಜಮೀನಿನ ವ್ಯಾಜ್ಯ, ಅಷ್ಟೇ. ಅದು ಬೆಳೆಯುತ್ತಾ ಬೆಳೆಯುತ್ತಾ, ಸಂವಿಧಾನವನ್ನು ಪಾರ್ಲಿಮೆಂಟು ಎಷ್ಟರ ಮಟ್ಟಿಗೆ ತಿದ್ದಬಹುದು ಅನ್ನುವಲ್ಲಿಗೆ ಬಂತು. 13 ನ್ಯಾಯಮೂರ್ತಿಗಳು ಕೂತರು, 68 ದಿನ ವಾದ ಕೇಳಿದರು. 1973ರ ಏಪ್ರಿಲ್ 24ರಂದು 7–6ರಲ್ಲಿ ತೀರ್ಪು ಬಂತು. ಸಂವಿಧಾನದ ಯಾವ ಭಾಗವನ್ನಾದರೂ ತಿದ್ದಬಹುದು, ಆದರೆ ಅದರ ಮೂಲ ರಚನೆಯನ್ನು ಕೆಡಿಸುವಂತಿಲ್ಲ ಅಂತ. ಮೂಲ ರಚನೆ ಅಂದರೆ ಏನು ಅಂತ ಮುಖ್ಯ ನ್ಯಾಯಮೂರ್ತಿ ಸಿಕ್ರಿ ಕೊಟ್ಟ ಪಟ್ಟಿಯಲ್ಲಿ ಗಣರಾಜ್ಯ ಮತ್ತು ಪ್ರಜಾಪ್ರಭುತ್ವದ ಸ್ವರೂಪವೂ ಇದೆ. ಹಾಗಾಗಿ ನಿಮ್ಮ ಪ್ರಶ್ನೆಗೆ ನೇರ ಉತ್ತರ: ರಾಜನನ್ನು ತರುವ ತಿದ್ದುಪಡಿ ಕೋರ್ಟಿನಲ್ಲಿ ನಿಲ್ಲುವುದಿಲ್ಲ.

ಆ ಏಳು ಜನರಲ್ಲಿ ಒಬ್ಬರು ಕಾರ್ಕಳ ತಾಲ್ಲೂಕಿನ ಕೆ.ಎಸ್. ಹೆಗ್ಡೆ. ತೀರ್ಪು ಬಂದ ಬೆನ್ನಿಗೇ ಅವರನ್ನೂ ಶೆಲಟ್, ಗ್ರೋವರ್ ಅವರನ್ನೂ ದಾಟಿಸಿ, ಕಿರಿಯರಾದ ಎ.ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿ ಮಾಡಲಾಯಿತು. ಮೂವರೂ ರಾಜೀನಾಮೆ ಕೊಟ್ಟರು. ಹೆಗ್ಡೆ ಆಮೇಲೆ ಲೋಕಸಭೆಯ ಸ್ಪೀಕರ್ ಆದರು. ಇನ್ನು ಸ್ವಾಮೀಜಿ? ಅವರ ಹೆಸರು ದೇಶದ ಎಲ್ಲ ಕಾನೂನು ಪುಸ್ತಕ ಸೇರಿತು, ಭೂ ಸುಧಾರಣೆ ಮಾತ್ರ ಮುಂದುವರಿಯಿತು.

ನಿಮ್ಮ ಲೆಕ್ಚರರ್ ಪರವಾಗಿಯೂ ಒಂದು ಮಾತು ಹೇಳಬೇಕು. ಜನ ಆರಿಸದ 13 ಜನ ಸೇರಿ, ಜನ ಆರಿಸಿದ ಪಾರ್ಲಿಮೆಂಟಿಗೆ ಗೆರೆ ಹಾಕುವುದು ಎಷ್ಟು ಸರಿ ಅನ್ನುವ ಪ್ರಶ್ನೆ ಸುಳ್ಳಲ್ಲ. ಫ್ರಾಂಕ್‌ಫರ್ಟರ್ ನಮ್ಮ ರಾವ್ ಅವರಿಗೆ ಹೇಳಿದ್ದು ಅದನ್ನೇ. ಈ ತೀರ್ಪು ಬಂದಿದ್ದೂ ಒಂದೇ ಒಂದು ಓಟಿನ ಅಂತರದಲ್ಲಿ! ನಾನು ಗೆರೆ ಇರಲಿ ಅನ್ನುವ ಪಕ್ಷ. ಬಹುಮತ ಅನ್ನುವುದು ಇವತ್ತಿನ ಜನರದ್ದು, ಗಣರಾಜ್ಯ ನಾಳೆಯವರದ್ದೂ ಹೌದು.

ನಮ್ಮ ಅಜ್ಜಿಗೆ ಓದು ಬರುತ್ತಿರಲಿಲ್ಲ. ಮೊದಲ ಚುನಾವಣೆಯಲ್ಲಿ ಅವರ ಹೆಸರು ಪಟ್ಟಿಯಲ್ಲೇ ಇರಲಿಲ್ಲವಂತೆ, ಕೊನೆಯವರೆಗೂ ಹೇಳುತ್ತಿದ್ದರು. ಓದು ಬಾರದವರಿಗೆ ಓಟು ಕೊಡಲೇಬಾರದು ಅಂತ ಇತ್ತೇ?
— ಅಂಗನವಾಡಿ ಕಾರ್ಯಕರ್ತೆ, ಗದಗ ಜಿಲ್ಲೆ

ಇಲ್ಲ ಅಕ್ಕ, ಉಲ್ಟಾ. ಬ್ರಿಟಿಷರ ಕಾಲದಲ್ಲಿ ಜಮೀನು, ತೆರಿಗೆ, ಓದು ಇದ್ದವರಿಗಷ್ಟೇ ಓಟು. 1951ರ ಜನಗಣತಿಯಲ್ಲಿ ಓದು ಬಲ್ಲವರು ನೂರಕ್ಕೆ 18 ಜನ. ಓದು ಕಲಿಯಲಿ, ಆಮೇಲೆ ಓಟು ಕೊಡೋಣ ಅಂದಿದ್ದರೆ ನಿಮ್ಮ ಅಜ್ಜಿಯ ಸರದಿ ಬರುತ್ತಲೇ ಇರಲಿಲ್ಲ. ಸಾಮಾನ್ಯ ಮನುಷ್ಯನ ಮೇಲೆ ತುಂಬು ನಂಬಿಕೆ ಇಟ್ಟು ಎಲ್ಲ ವಯಸ್ಕರಿಗೂ ಓಟು ಕೊಟ್ಟಿದ್ದೇವೆ ಅಂತ ಹೇಳಿದವರು ಅಲ್ಲಾಡಿ ಕೃಷ್ಣಸ್ವಾಮಿ ಅಯ್ಯರ್, ಮದರಾಸಿನ ದೊಡ್ಡ ವಕೀಲರು, ಕರಡು ಸಮಿತಿಯವರು.

ಹಾಗಾದರೆ ಅಜ್ಜಿ ಹೆಸರು ಯಾಕೆ ಇರಲಿಲ್ಲ? ನಾನು ಊಹಿಸುವುದು ಹೀಗೆ. ಪಟ್ಟಿ ಬರೆಯಲು ಮನೆಗೆ ಬಂದವರು ಹೆಸರು ಕೇಳಿದಾಗ ಲಕ್ಷಾಂತರ ಹೆಂಗಸರು ತಮ್ಮ ಹೆಸರು ಹೇಳಲಿಲ್ಲ. ಇಂಥವರ ಹೆಂಡತಿ, ಇಂಥವರ ತಾಯಿ ಅಂತ ಅಷ್ಟೇ ಬರೆಸಿದರು. ಹಾಗೆ ಬರೆದುಕೊಂಡರೆ ಆಗುವುದಿಲ್ಲ, ಸ್ವಂತ ಹೆಸರು ಬೇಕೇ ಬೇಕು ಅಂತ ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಹಠ ಹಿಡಿದರು. ಹೆಸರು ಕೊಡದ ಸುಮಾರು 28 ಲಕ್ಷ ಹೆಂಗಸರನ್ನು ಪಟ್ಟಿಯಿಂದ ತೆಗೆದರು. ಕೇಳಿದರೆ ಅನ್ಯಾಯ ಅನ್ನಿಸುತ್ತದೆ, ನನಗೂ ಅನ್ನಿಸುತ್ತದೆ. ಆದರೆ ಓಟು ಗಂಡನ ಹೆಂಡತಿಗೆ ಅಲ್ಲ, ನಿನಗೆ, ನಿನ್ನ ಹೆಸರಿಗೆ ಅಂತ ಒಬ್ಬ ಅಧಿಕಾರಿ ಬಾಗಿಲಲ್ಲಿ ನಿಂತು ಹೇಳಿದ್ದು ಎಷ್ಟೋ ಮನೆಗಳಲ್ಲಿ ಅದೇ ಮೊದಲು ಇರಬೇಕು. ಹೆಂಗಸರ ಹಿಂಜರಿಕೆ ನಂತರದ ಚುನಾವಣೆಗಳಲ್ಲಿ ಕಡಿಮೆಯಾಯಿತು.

1951ರ ಅಕ್ಟೋಬರ್‌ನಿಂದ 1952ರ ಫೆಬ್ರುವರಿವರೆಗೆ ನಡೆದ ಆ ಚುನಾವಣೆಯಲ್ಲಿ 17 ಕೋಟಿಗೂ ಜಾಸ್ತಿ ಮತದಾರರು. ಓದಬೇಕಾದ್ದು ಏನೂ ಇರಲಿಲ್ಲ. ಒಬ್ಬೊಬ್ಬ ಅಭ್ಯರ್ಥಿಗೂ ಒಂದೊಂದು ಪೆಟ್ಟಿಗೆ, ಪೆಟ್ಟಿಗೆಗೆ ಅಂಟಿಸಿದ ಚಿಹ್ನೆ. ಜೋಡೆತ್ತು ಬೇಕಾದವರು ಜೋಡೆತ್ತಿನ ಪೆಟ್ಟಿಗೆಗೆ, ಗುಡಿಸಲು ಬೇಕಾದವರು ಗುಡಿಸಲಿನ ಪೆಟ್ಟಿಗೆಗೆ ಚೀಟಿ ಹಾಕಿ ಬಂದರೆ ಮುಗಿಯಿತು. ಒಬ್ಬರೇ ಎರಡು ಸಲ ಬರಬಾರದಲ್ಲ, ಅದಕ್ಕೆ ಬೆರಳಿಗೆ ಶಾಯಿ.

ಈಗ ನಿಮ್ಮ ಬೆರಳಿಗೆ ಹಚ್ಚುವ ಶಾಯಿ 1962ರ ಚುನಾವಣೆಯಿಂದ ಮೈಸೂರಿನಲ್ಲೇ ತಯಾರಾಗುತ್ತಿದೆ. ಆ ಕಾರ್ಖಾನೆ 1937ರಲ್ಲಿ ಅರಗು ಮತ್ತು ಬಣ್ಣದ ಕೆಲಸಕ್ಕೆ ಅಂತ ಶುರುವಾಗಿದ್ದು. ಶುರು ಮಾಡಿಸಿದವರು ಮಹಾರಾಜರು, ನಾಲ್ವಡಿ ಕೃಷ್ಣರಾಜ ಒಡೆಯರ್.